ಕಣ್ವಾ ತೀರದ ಯತಿ, ವಿಜಯನಗರದ ರಾಜಗುರು

ಚನ್ನಪಟ್ಟಣದ ಸೀಮೆಯಲ್ಲಿ, ಕಣ್ವಾ ನದಿಯ ದಡದಲ್ಲಿ ಅಬ್ಬೂರು ಎಂಬ ಊರಿದೆ. ಮಾಧ್ವ ಯತಿ ಬ್ರಹ್ಮಣ್ಯ ತೀರ್ಥರ ಬೃಂದಾವನ ಇರುವುದು ಇಲ್ಲಿಯೇ. ಸುಮಾರು 1460ರಲ್ಲಿ ಬನ್ನೂರಿನಲ್ಲಿ ಹುಟ್ಟಿದ ಗಂಡುಕೂಸೊಂದನ್ನು ಅವರು ನೆಲ ಸೋಕಿಸದೆ ಚಿನ್ನದ ತಟ್ಟೆಯಲ್ಲಿ ಎತ್ತಿಕೊಂಡು ಬಂದು, ದೇವರ ಅಭಿಷೇಕದ ಹಾಲೆರೆದು ಸಾಕಿದರೆಂದು ಸಂಪ್ರದಾಯ ಹೇಳುತ್ತದೆ. ಮಗುವಿಗೆ ಯತಿರಾಜನೆಂದು ಹೆಸರಾಯಿತು.

ಕಾವಿ ಉಡುವ ಕಾಲ ಬಂದಾಗ ಹುಡುಗ ಅಂಜಿ ಮಠ ಬಿಟ್ಟು ಓಡಿದ. ರಾತ್ರಿ ಕಾಡಿನ ಮರವೊಂದರ ಕೆಳಗೆ ಮಲಗಿದ್ದವನಿಗೆ ಕನಸಿನಲ್ಲಿ ವಿಷ್ಣುವಿನ ದರ್ಶನವಾಯಿತಂತೆ. ತಾನಾಗಿಯೇ ಹಿಂದಿರುಗಿ ವ್ಯಾಸತೀರ್ಥನಾದ. ಮುಂದೆ ನಾಡಿಗೆ ಬರಗಾಲ ಬಡಿಯಿತು. ಆ ದಿನಗಳಲ್ಲಿಯೇ ಗುರುಗಳು ತೀರಿಕೊಂಡರು. ಎಳೆಯ ಯತಿ ಕಂಚಿಯಲ್ಲಿ ಷಡ್ದರ್ಶನ ಕಲಿತು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಪಳಗಿದರು.

ಶ್ರೀಪಾದರಾಜರ ಮಾತಿನಂತೆ ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಸ್ಥಾನ ಸೇರಿದರು. ಅಲ್ಲಿಂದ ತಿರುಪತಿ, ಅಲ್ಲಿಂದ ವಿಜಯನಗರ. ವ್ಯಾಸತೀರ್ಥರು ಮಂತ್ರಿಪದವಿ ಹಿಡಿಯಲಿಲ್ಲ. ಆದರೂ ದೊರೆಗಳು ಅವರ ಮುಂದೆ ತಲೆಬಾಗಿದರು. ಕಳಿಂಗದಿಂದ ಸವಾಲಾಗಿ ಬಂದ ಅದ್ವೈತ ಗ್ರಂಥವನ್ನು ಅವರು ಖಂಡಿಸಿದಾಗ ಕೃಷ್ಣದೇವರಾಯ ರತ್ನಾಭಿಷೇಕ ಮಾಡಿಸಿದನೆಂದು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ ಹೇಳುತ್ತದೆ. ರಾಯನಿಗೆ ಕುಹಯೋಗವೆಂಬ ಕೆಟ್ಟ ಗ್ರಹಯೋಗ ಒದಗಿದಾಗ ಯತಿಗಳೇ ಸಿಂಹಾಸನವೇರಿ, ಅಪಾಯ ಎರಗುವ ಗಳಿಗೆಗೆ ಮೈಮೇಲಿನ ಕಾವಿವಸ್ತ್ರವನ್ನು ಅದರ ಮೇಲೆಸೆದರಂತೆ. ಬಟ್ಟೆ ಉರಿದು ಬೂದಿಯಾಯಿತು, ರಾಜ್ಯ ಉಳಿಯಿತು ಎನ್ನುತ್ತಾರೆ ಭಕ್ತರು. ವ್ಯಾಸರಾಜರೆಂಬ ಹೆಸರಿಗೆ ಈ ಕಥೆಯೇ ಮೂಲ.

‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಅವರ ಪಾಂಡಿತ್ಯದ ಶಿಖರಗಳು. ಸಂಸ್ಕೃತದಲ್ಲಿ ತರ್ಕ ಬರೆದ ಕೈಯೇ ಕನ್ನಡದಲ್ಲಿ ಕೃಷ್ಣನನ್ನು ಕರೆದು ಹಾಡಿತು. ಪುರಂದರದಾಸರೂ ಕನಕದಾಸರೂ ಅವರ ನೆರಳಿನಲ್ಲಿ ಬೆಳೆದರು. ರಾಯ ದಾನವಿತ್ತ ಬೆಟ್ಟಕೊಂಡದಲ್ಲಿ ಅವರು ದೊಡ್ಡ ಕೆರೆ ಕಟ್ಟಿಸಿದರು. ಅದರ ಹೆಸರು ವ್ಯಾಸಸಮುದ್ರ. ಬರದಲ್ಲಿ ಗುರುವನ್ನು ಕಳೆದುಕೊಂಡ ಶಿಷ್ಯ ಅರಸನ ಮನ್ನಣೆಯನ್ನು ನೀರಾಗಿಸಿ ರೈತರ ಹೊಲಕ್ಕೆ ಹರಿಸಿದ್ದು ಯಾವ ರತ್ನಾಭಿಷೇಕಕ್ಕಿಂತಲೂ ಹಿರಿದು.

1539ರ ಫಾಲ್ಗುಣ ಬಹುಳ ಚೌತಿಯಂದು ಅವರು ದೇಹ ಬಿಟ್ಟರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಗುರು ಕಣ್ವೆಯ ದಡದಲ್ಲಿ, ಶಿಷ್ಯ ತುಂಗಭದ್ರೆಯ ನಡುವೆ: ಇಬ್ಬರೂ ನೀರಿನ ಮಗ್ಗುಲಲ್ಲೇ ನೆಲೆಸಿದ್ದಾರೆ.