ಫರೋಹನ ಕಲ್ಲುಮನಸ್ಸು: ಕಥೋಲಿಕ ವ್ಯಾಖ್ಯಾನದ ಚರಿತ್ರೆ

ಈಜಿಪ್ತಿನ ಅರಸ ಫರೋಹ ಇಸ್ರಯೇಲರನ್ನು ಬಿಟ್ಟುಕೊಡದೆ ಹಟ ಹಿಡಿದ ಪ್ರಸಂಗ ಬೈಬಲಿನ ವಿಮೋಚನಕಾಂಡದಲ್ಲಿದೆ. ಇಸ್ರಯೇಲರ ನಾಯಕ ಮೋಶೆ ಅರಮನೆಗೆ ಕಾಲಿಡುವ ಮುನ್ನವೇ, ಅರಸನ ಹೃದಯವನ್ನು ತಾವೇ ಕಠಿಣಗೊಳಿಸುವುದಾಗಿ ದೇವರು ಹೇಳಿಬಿಡುತ್ತಾರೆ. ಆದರೆ ದೇವರು ಈಜಿಪ್ತಿನ ಮೇಲೆ ಒಂದೊಂದಾಗಿ ಪಿಡುಗುಗಳನ್ನು ಕಳಿಸುವಾಗ ಕಥೆ ನಡೆಯುವ ಬಗೆ ಬೇರೆ. ಕಪ್ಪೆಗಳ ಕಾಟ ತಪ್ಪಿ ಉಸಿರು ಬಿಡುವಂತಾದದ್ದೇ ತಡ, ಫರೋಹ ತಾನೇ ಮನಸ್ಸು ಕಲ್ಲು ಮಾಡಿಕೊಳ್ಳುತ್ತಾನೆ. ನೊಣಗಳು ತೊಲಗಿದಾಗಲೂ ಅದೇ ಹಾಡು. ದೇವರೇ ಅವನನ್ನು ಕಠಿಣಗೊಳಿಸಿದರು ಎಂದು ನಿರೂಪಣೆ ಹೇಳುವುದು ಆರನೆಯ ಪಿಡುಗಾದ ಹುಣ್ಣುಗಳ ಹೊತ್ತಿಗೆ. ಇಸ್ರಯೇಲರು ಕಡಲು ದಾಟುವ 14ನೆಯ ಅಧ್ಯಾಯದಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಬೇರೆ ವಾಚನಗಳನ್ನು ಕಡಿಮೆ ಮಾಡಬಹುದು, ಈ ಅಧ್ಯಾಯದ ವಾಚನವನ್ನು ಮಾತ್ರ ಬಿಡುವಂತಿಲ್ಲ.

ಸಂತ ಪೌಲ ರೋಮನರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ಫರೋಹನನ್ನೇ ಉದಾಹರಿಸಿ, ಕರುಣೆಯೂ ಕಾಠಿಣ್ಯವೂ ದೇವರ ಚಿತ್ತ ಎಂದ ಮೇಲೆ, ಹೊಣೆ ದೇವರದೋ ಫರೋಹನದೋ ಎಂಬ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಕೆಲವರು ಹುಟ್ಟಿನಿಂದಲೇ ನಾಶಕ್ಕೆ ಗುರಿಯಾದವರು ಎಂದು ವಾದಿಸುವ ಪಂಥಗಳು ಇದನ್ನು ಹಿಡಿದುಕೊಂಡವು. ಅಲೆಕ್ಸಾಂಡ್ರಿಯಾದ ಒರಿಜೆನ್ 3ನೆಯ ಶತಮಾನದಲ್ಲಿ ಕೊಟ್ಟ ಉತ್ತರ ಚುರುಕಾದದ್ದು: ಫರೋಹ ಸ್ವಭಾವದಿಂದಲೇ ಕೆಟ್ಟವನಾಗಿದ್ದರೆ ಅವನನ್ನು ಕಠಿಣಗೊಳಿಸುವ ಅಗತ್ಯವಾದರೂ ಏನಿತ್ತು? ಒಂದೇ ಬಿಸಿಲು ಮೇಣವನ್ನು ಕರಗಿಸುತ್ತದೆ, ಕೆಸರನ್ನು ಗಟ್ಟಿ ಮಾಡುತ್ತದೆ, ವ್ಯತ್ಯಾಸ ಬಿಸಿಲಿನದಲ್ಲ ಎಂಬುದು ಅವನ ಮಾತು.

ಹಿಪ್ಪೋದ ಬಿಷಪ್ ಅಗಸ್ಟೀನನಿಗೆ ಇಷ್ಟು ಸಾಲಲಿಲ್ಲ. ಸುಮಾರು 396ರಲ್ಲಿ ಮಿಲಾನಿನ ಸಿಂಪ್ಲಿಸಿಯಾನನಿಗೆ ಬರೆದ ಉತ್ತರದಲ್ಲಿ ಅವನು, ದೇವರು ಕಠಿಣಗೊಳಿಸುವುದೆಂದರೆ ಕರುಣೆ ತೋರದಿರುವುದು, ಕೇಡನ್ನು ಒಳಗೆ ತುಂಬುವುದಲ್ಲ ಎಂದ. ಮುಂದೆ 426-27ರಲ್ಲಿ ಉತ್ತರ ಆಫ್ರಿಕದ ಹಾಡ್ರುಮೆಟಮ್ ಮಠದ ಸನ್ಯಾಸಿಗಳು ವರಪ್ರಸಾದ (ದೇವರು ಉಚಿತವಾಗಿ ಕೊಡುವ ನೆರವು) ಮತ್ತು ಮನುಷ್ಯನ ಇಚ್ಛೆಯ ವಿಷಯದಲ್ಲಿ ಗೊಂದಲಕ್ಕೆ ಬಿದ್ದಾಗ ಎರಡನ್ನೂ ಒಟ್ಟಿಗೆ ಹಿಡಿದ: ದೇವರು ಕಠಿಣಗೊಳಿಸಿದ್ದು ನ್ಯಾಯತೀರ್ಪಿನಿಂದ, ಫರೋಹ ಕಠಿಣನಾದದ್ದು ಸ್ವಂತ ಇಚ್ಛೆಯಿಂದ. ಒರಿಜೆನ್‌ನ ಉತ್ತರ ಸುಲಭವಾಗಿ ಒಪ್ಪುವಂಥದ್ದು. ಆದರೆ ಪೌಲನ ಮಾತಿನ ಕಟುತ್ವವನ್ನು ಮೆತ್ತಗಾಗಿಸದೆ ಉಳಿಸಿಕೊಂಡವನು ಅಗಸ್ಟೀನನೇ.

ಧರ್ಮಸಭೆ ಅವನ ಬೋಧನೆಯನ್ನು ಬಹುಮಟ್ಟಿಗೆ ಸ್ವೀಕರಿಸಿತು, ಬೇಲಿಯನ್ನೂ ಹಾಕಿತು. ದೇವರು ಯಾರನ್ನಾದರೂ ಕೆಡುಕಿಗೆ ಮೊದಲೇ ನೇಮಿಸಿದ್ದಾರೆ ಎಂಬುದನ್ನು 529ರ ಒರಾಂಜ್ ಸಭೆ ತಿರಸ್ಕರಿಸಿತು. ಉದ್ಧಾರದಂತೆ ನಾಶವೂ ಪೂರ್ವನಿಯತ ಎಂದು ಸಾರಿದ ಸನ್ಯಾಸಿ ಗಾಟ್‌ಶಾಲ್ಕ್‌ಗೆ 849ರಲ್ಲಿ ಛಡಿಯೇಟು ಬಿತ್ತು. ತರ್ಕದಲ್ಲಿ ಗೆಲ್ಲುವ ವಿಧಾನ ಇದಲ್ಲ. 13ನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ತೋಮಾಸ್ ಅಕ್ವಿನಾಸ್ ಕಾಠಿಣ್ಯವನ್ನು ಎರಡಾಗಿ ಬಿಡಿಸಿದ: ಕೇಡಿಗೆ ಅಂಟಿಕೊಳ್ಳುವುದು ಮನುಷ್ಯನ ಕೆಲಸ, ವರಪ್ರಸಾದವನ್ನು ಹಿಂತೆಗೆಯುವುದು ದೇವರ ತೀರ್ಪು.

ವಿದ್ವಾಂಸ ಎರಾಸ್ಮಸ್ 1524ರಲ್ಲಿ ಮುಕ್ತ ಇಚ್ಛೆಯ ಪರ ಬರೆದಾಗ, ಮರುವರ್ಷವೇ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಎದುರುತ್ತರ ಕೊಟ್ಟ; ಇಬ್ಬರ ನಡುವೆಯೂ ಫರೋಹನೇ ಸಾಕ್ಷಿ. ಟ್ರೆಂಟ್ ಮಹಾಸಭೆ 1547ರಲ್ಲಿ, ಪೌಲನ ಕರೆಯಂತೆಯೇ ಯೂದನ ದ್ರೋಹವೂ ದೇವರದೇ ಕೃತ್ಯ ಎನ್ನುವವರನ್ನು ಬಹಿಷ್ಕರಿಸಿತು.

ಹಾಗಾದರೆ ವರಪ್ರಸಾದವೂ ಸ್ವಾತಂತ್ರ್ಯವೂ ಕೂಡುವುದು ಹೇಗೆ? ಯೇಸುಸಭೆಯ (ಜೆಸ್ವಿಟ್) ಮೊಲಿನಾ 1588ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಒಂದು ವಿವರಣೆ ಕೊಟ್ಟಿತು: ಯಾವ ಸನ್ನಿವೇಶದಲ್ಲಿ ಯಾರು ಏನು ಆರಿಸಿಕೊಳ್ಳುವರೆಂದು ದೇವರು ಮೊದಲೇ ಬಲ್ಲರು. ಡೊಮಿನಿಕನ್ ಸಂಘದ ಸನ್ಯಾಸಿಗಳು ಸಿಡಿದೆದ್ದರು. ಅವರು ಯೇಸುಸಭೆಯವರನ್ನು ಪೆಲಾಜಿಯನ್ನರು, ಅಂದರೆ ವರಪ್ರಸಾದಕ್ಕಿಂತ ಮನುಷ್ಯನ ಇಚ್ಛೆಯನ್ನೇ ನೆಚ್ಚುವವರು ಎಂದರೆ, ಯೇಸುಸಭೆಯವರು ಅವರನ್ನು ಪೂರ್ವನಿಯತಿಯನ್ನು ಸಾರಿದ ಕ್ಯಾಲ್ವಿನನ ಅನುಯಾಯಿಗಳೆಂದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದು, ಪೋಪ್ ಐದನೆಯ ಪೌಲ 1607ರಲ್ಲಿ ಯಾರ ಪರವೂ ತೀರ್ಪು ಕೊಡದೆ ಎಲ್ಲರನ್ನೂ ಮನೆಗೆ ಕಳಿಸಿದರು. ಧರ್ಮಸಭೆಯ ಬೋಧನೆಗಳ ಸಂಗ್ರಹವಾದ 1992ರ ಕೆಟೆಕಿಸಂ ದೇವರು ಯಾರನ್ನೂ ನರಕಕ್ಕೆ ಪೂರ್ವನಿಯತಗೊಳಿಸುವುದಿಲ್ಲ ಎನ್ನುತ್ತದೆ, ಹೃದಯದ ಕಾಠಿಣ್ಯ ಪಾಪದ ಹೊಣೆಯನ್ನು ತಗ್ಗಿಸದೆ ಹೆಚ್ಚಿಸುತ್ತದೆ ಎಂದೂ ಹೇಳುತ್ತದೆ. ಮೊಲಿನಾ ಮತ್ತು ಡೊಮಿನಿಕನ್ನರ ವ್ಯಾಜ್ಯವನ್ನು ಅದೂ ಬಗೆಹರಿಸಿಲ್ಲ.