ಎಂಜಲು ಕೊಟ್ಟವರು, ಅಕ್ಷರ ಕೊಟ್ಟವರು



ಜೂನ್ ಬಂತೆಂದರೆ ನಮ್ಮ ಗೆಳೆಯರಲ್ಲಿ ಒಂದೇ ಪ್ರಶ್ನೆ: ಊರಲ್ಲಿ ಕಷ್ಟದಲ್ಲಿರುವವರಿಗೆ ಏನು ಮಾಡುವಾ? ಅಕ್ಕಿ ಕಿಟ್ ಹಂಚುವುದಾ, ನೋಟ್‌ಬುಕ್ ಕೊಡುವುದಾ? ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಈ 'ಕೊಡುವುದು' ಅನ್ನುವುದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಇತಿಹಾಸ ಉಂಟು. ಅದು ಗೊತ್ತಿರಬೇಕು.

ಅಜಲು ಪದ್ಧತಿಯಲ್ಲೂ ಕೊಡುತ್ತಿದ್ದರು. ಕಾಯಿಲೆ ಬಿದ್ದವರ ಕೂದಲು, ಉಗುರು ಬೆರೆಸಿದ ಅನ್ನ ಕೊರಗರಿಗೆ ತಿನ್ನಿಸಿದರೆ ಪೀಡೆ ಅವರ ಮೈಗೆ ದಾಟುತ್ತದೆ ಅಂತ ನಂಬಿಕೆ. ಔತಣದ ಎಂಜಲು ಅವರ ಪಾಲು. ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸಿದ್ದೂ ಉಂಟು. ಕೊಟ್ಟವರು ಇದನ್ನೆಲ್ಲ ಸಂಪ್ರದಾಯ ಅಂದರು. ಅಜಲು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ.

ಇದೇ ನೆಲದಲ್ಲಿ ಇನ್ನೊಂದು ರೀತಿಯ ಕೊಡುವಿಕೆಯೂ ಇತ್ತು. 1859ರಲ್ಲಿ ಕಾಸರಗೋಡಿನ ಕಡೆ ಹುಟ್ಟಿದ ಕುದ್ಮುಲ್ ರಂಗರಾವ್ ಸಾರಸ್ವತ ಬ್ರಾಹ್ಮಣರು, ವೃತ್ತಿಯಲ್ಲಿ ವಕೀಲರು. ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಮೇಲ್ಜಾತಿಯ ಮೇಷ್ಟ್ರುಗಳು ಬರಲೊಪ್ಪದೆ ಇದ್ದಾಗ ಕ್ರೈಸ್ತ ಶಿಕ್ಷಕರು ಬಂದು ಕಲಿಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರೂ ಅವರು ಬಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಯ ಜೊತೆಗೆ ಕೈಕಸುಬಿನ ತರಬೇತಿ, ಮನೆ ಕಟ್ಟಿಕೊಳ್ಳಲು ಜಾಗ. ಓದಿದ ದಲಿತ ಮಗು ದೊಡ್ಡ ಹುದ್ದೆಗೆ ಹೋಗಬೇಕು ಅನ್ನುವುದು ಅವರ ಆಸೆ. 1928ರಲ್ಲಿ ಅವರು ತೀರಿಕೊಂಡರು. ಅಜಲು ಕೊಟ್ಟವರಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ: ಅವರು ಕೊಟ್ಟದ್ದು ಪಡೆದವನನ್ನು ಅಲ್ಲೇ ಕೂರಿಸಿತು, ಇವರು ಕೊಟ್ಟದ್ದು ಎಬ್ಬಿಸಿ ನಿಲ್ಲಿಸಿತು.

ಉಡುಪಿಯದ್ದೇ ಒಂದು ಉದಾಹರಣೆ ಹೇಳುತ್ತೇನೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ, ಸೋತಿದ್ದ ಕೈಮಗ್ಗದ ನೇಕಾರರಿಗಾಗಿ ಬ್ಯಾಂಕ್ ಶುರು ಮಾಡಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡರು. ಕೂಲಿಗೆ ಭತ್ತ ಅಳೆಸಿಕೊಳ್ಳುತ್ತಿದ್ದ ನಮ್ಮವರ ಕೈಯಲ್ಲಿ ಆ ಎರಡಾಣೆಯೂ ಇರಲಿಲ್ಲ, ಅದು ಬೇರೆ ಮಾತು. ಆದರೆ ಬಡವನನ್ನು ಕೌಂಟರ್ ಮುಂದೆ ನಿಲ್ಲಿಸದೆ ಕೌಂಟರೇ ಬಡವನ ಮನೆಗೆ ನಡೆದು ಹೋಯಿತಲ್ಲ, ಆ ದಾರಿ ಸರಿ ಇತ್ತು.

1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಮೆರವಣಿಗೆ ಹೊರಟರು. ಅವರು ಅಕ್ಕಿ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. ಭೂಮಿ ಕೇಳಿದರು. ಇವತ್ತಿಗೂ ಆ ದಿನವನ್ನು ಭೂಮಿ ಹಬ್ಬ ಅಂತ ಆಚರಿಸುತ್ತಾರೆ. ಏನು ಬೇಕು ಅಂತ ಕಷ್ಟದಲ್ಲಿರುವವರಿಗೇ ಗೊತ್ತಿರುತ್ತದೆ. ನಾವು ಕೇಳಿಸಿಕೊಳ್ಳಬೇಕು, ಅಷ್ಟೆ.

ನಾನೊಬ್ಬ ಕಚೇರಿ ಗುಮಾಸ್ತ. "ಒಂದು ದಾಖಲೆ ಕಡಿಮೆ ಉಂಟು" ಅನ್ನುವ ಒಂದು ಮಾತಿಗೆ ಎಷ್ಟು ಜನ ವಾಪಸ್ ಹೋಗುತ್ತಾರೆ ಅಂತ ದಿನಾ ನೋಡುತ್ತೇನೆ. ಕಾರ್ಕಳದ ಒಳಗಿನ ಕಾಲನಿಯಿಂದ ಮಣಿಪಾಲದ ರಜತಾದ್ರಿಗೆ ಒಂದು ಸಲ ಬಂದು ಹೋದರೆ ಆ ದಿನದ ಕೂಲಿ ಹೋಯಿತು. ಎರಡನೇ ಸಲ ಅವರು ಬರುವುದೇ ಇಲ್ಲ. ವಿದ್ಯಾರ್ಥಿವೇತನ, ಪಿಂಚಣಿ, ಹಕ್ಕುಪತ್ರ ಎಲ್ಲ ಹೀಗೇ ನಿಂತುಹೋಗುತ್ತವೆ.

ಹಾಗಾಗಿ ದಿನನಿತ್ಯದ ಸಹಾಯ ಅಂದರೆ ನನ್ನ ಮಟ್ಟಿಗೆ ಇದು: ಹೊರಡುವ ಮೊದಲೇ ಅವರ ಕಾಗದಗಳನ್ನು ಒಮ್ಮೆ ನೋಡಿ. ನಾಡಕಚೇರಿಗೆ ಜೊತೆಗೆ ಹೋಗಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾಯ್ದೆಯಲ್ಲೇ ಉಂಟು ಅಂತ ತಿಳಿಸಿ. ಇದಕ್ಕೆ ಬ್ಯಾನರ್ ಬೇಡ, ದಾನಿಗಳ ಫೋಟೋ ಬೇಡ. ಅರ್ಧ ದಿನ ರಜೆ ಸಾಕು.

ಕಾಪುವಿನಲ್ಲಿರಲಿ, ಉಡುಪಿಯಲ್ಲಿರಲಿ, ಇವತ್ತು ಸಂಜೆ ನಿಮ್ಮ ಕಾಲನಿಯಲ್ಲಿ ಯಾವ ಮಗುವಿನ ಜಾತಿ ಪ್ರಮಾಣಪತ್ರ ಇನ್ನೂ ಆಗಿಲ್ಲ ಅಂತ ಕೇಳಿ ನೋಡಿ. ಅಲ್ಲಿಂದಲೇ ಶುರು ಮಾಡುವಾ.

ಜೈ ಭೀಮ್.