ಕಟ್ಟಿಗೆ ಸೀಳುವ ಹೈಡ್ರಾಲಿಕ್ ಯಂತ್ರ ನಿಧಾನಗೊಂಡಾಗ ಪರಿಶೀಲಿಸಬೇಕಾದ ಅಂಶಗಳು

ಅಡಿಕೆ ಬೇಯಿಸುವ ಒಲೆ ಮುಂತಾದವುಗಳಿಗೆ ದಪ್ಪ ಕೊರಡು ಸೀಳುವ ಹೈಡ್ರಾಲಿಕ್ ಯಂತ್ರವು ನಿಧಾನಗೊಂಡಾಗ ರಿಲೀಫ್ ವಾಲ್ವ್‌ನ ತಿರುಪನ್ನು ಬಿಗಿಗೊಳಿಸಿ ವೇಗ ಹೆಚ್ಚಿಸಲು ಯತ್ನಿಸುವುದುಂಟು. ಈ ಕ್ರಮವು ಸರಿಯಲ್ಲ. ಒತ್ತಡದಿಂದ ದೊರೆಯುವುದು ಬಲ. ವೇಗವು ಸಿಲಿಂಡರಿಗೆ ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ತಲುಪುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ತಿರುಪು ಬಿಗಿಗೊಳಿಸಿದಲ್ಲಿ ಹೋಸ್ ಪೈಪು ಒಡೆಯುವ ಅಪಾಯವಿರುತ್ತದೆ.

ಉದಾಹರಣೆಗೆ, 100 ಮಿ.ಮೀ. ಒಳವ್ಯಾಸ ಹಾಗೂ 600 ಮಿ.ಮೀ. ಚಲನೆಯ ಸಿಲಿಂಡರ್ ಪೂರ್ಣ ಹೊರಚಾಚಲು ಸುಮಾರು 4.7 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 40 ಲೀಟರ್ ಬಂದಲ್ಲಿ 7 ಸೆಕೆಂಡು, 10 ಲೀಟರ್ ಮಾತ್ರ ಬಂದಲ್ಲಿ 28 ಸೆಕೆಂಡು ಹಿಡಿಯುತ್ತದೆ. ಆದುದರಿಂದ ಮೊದಲು ಕೊರಡು ಇಡದೆ, ಗಡಿಯಾರ ನೋಡಿ ಈ ಅವಧಿಯನ್ನು ಅಳೆಯತಕ್ಕದ್ದು.

ಎರಡು ಹಂತದ ಪಂಪು ಇರುವ ಯಂತ್ರದಲ್ಲಿ ಕೊರಡಿಗೆ ತಾಗುವವರೆಗೆ ಹೆಚ್ಚು ಎಣ್ಣೆ ಹರಿದು, ಗಟ್ಟಿ ಗಂಟು ಸಿಕ್ಕೊಡನೆ ಪಂಪಿನ ಚಿಕ್ಕ ಭಾಗ ಮಾತ್ರ ಸಿಲಿಂಡರಿಗೆ ಎಣ್ಣೆ ಒದಗಿಸುತ್ತದೆ. ಆಗ ವೇಗ ಕುಗ್ಗುವುದು ದೋಷವಲ್ಲ. ಟ್ರ್ಯಾಕ್ಟರಿನ ಎಣ್ಣೆಯಿಂದಲೇ ನಡೆಯುವ ಯಂತ್ರವು ಟ್ರ್ಯಾಕ್ಟರಿನ ಪಂಪು ಕೊಡುವ ಪ್ರಮಾಣಕ್ಕಿಂತ ವೇಗವಾಗಿ ಚಲಿಸಲಾರದು. ಅದರ ಕ್ವಿಕ್ ಕಪ್ಲರ್ ಅರ್ಧ ಮಾತ್ರ ಕೂತಿದ್ದರೂ ಹರಿವು ಕುಗ್ಗುತ್ತದೆ.

ಕೊರಡಿಲ್ಲದೆಯೂ ನಿಧಾನವಾಗಿದ್ದಲ್ಲಿ ಎಣ್ಣೆಯ ಮಟ್ಟ, ಎಂಜಿನ್ನಿನ ವೇಗ, ಎಂಜಿನ್ ಮತ್ತು ಪಂಪನ್ನು ಜೋಡಿಸುವ ಕಪ್ಲಿಂಗಿನ ರಬ್ಬರು, ಹಾಗೂ ಹೀರುವ ಕೊಳವೆಯ ಜಾಲರಿಯನ್ನು ಕ್ರಮವಾಗಿ ನೋಡುವುದು. ಪಂಪು ಕಿರುಗುಟ್ಟುತ್ತಿದ್ದರೆ ಜಾಲರಿ ಕಟ್ಟಿರುವ ಅಥವಾ ಹೀರುವ ಕೊಳವೆ ಮುದುಡಿರುವ ಸಾಧ್ಯತೆ ಹೆಚ್ಚು. ಎಣ್ಣೆ ನೊರೆಯಾಗಿದ್ದರೆ ಆ ಬದಿಯ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು. ಜಾಲರಿಯನ್ನು ತೊಳೆಯುವ ಮುನ್ನವೇ ಹೊಸ ಪಂಪಿಗೆ ಹಣ ತೆರುವುದು ವ್ಯರ್ಥ ವೆಚ್ಚವಾಗಬಹುದು.

ಚಳಿಯ ಮುಂಜಾನೆ ಎಣ್ಣೆ ಮಂದವಾಗಿರುವ ಕಾರಣ ಯಂತ್ರ ನಿಧಾನವಾಗಿದ್ದು, ಕೆಲ ಹೊತ್ತಿನ ನಂತರ ಸರಿಹೋದರೆ ದುರಸ್ತಿಯ ಅಗತ್ಯವಿಲ್ಲ. ತಯಾರಕರು ಸೂಚಿಸಿದ ದರ್ಜೆಯ ಎಣ್ಣೆ ಇದೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು. ಇದಕ್ಕೆ ವಿರುದ್ಧವಾಗಿ, ಬೆಳಿಗ್ಗೆ ಚೆನ್ನಾಗಿದ್ದು ಎಣ್ಣೆ ಕಾದಂತೆ ನಿಧಾನಗೊಳ್ಳುವ ಯಂತ್ರದಲ್ಲಿ ಪಂಪು, ಪಿಸ್ಟನ್ ಸೀಲು ಅಥವಾ ನಿಯಂತ್ರಣ ವಾಲ್ವ್ ಸವೆದು ಒಳಸೋರಿಕೆ ಆಗುತ್ತಿರುವ ಸಂಭವವಿದೆ. ಇವುಗಳಲ್ಲಿ ಯಾವುದೆಂಬುದನ್ನು ಒತ್ತಡಮಾಪಕವುಳ್ಳ ಮೆಕ್ಯಾನಿಕರಿಂದಲೇ ಪರೀಕ್ಷಿಸಿಕೊಳ್ಳತಕ್ಕದ್ದು.

ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಕ್ಕಬಲ್ಲದು. ಗಾಯ ಚಿಕ್ಕದೆಂದು ಕಂಡರೂ, ನೋವಿಲ್ಲದಿದ್ದರೂ, ಕೂಡಲೇ ಆಸ್ಪತ್ರೆಗೆ ತೆರಳಿ ಒತ್ತಡದ ಎಣ್ಣೆ ಒಳಹೊಕ್ಕಿರುವುದನ್ನು ವೈದ್ಯರಿಗೆ ತಿಳಿಸುವುದು. ವಿಳಂಬವಾದಲ್ಲಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳುವ ಸಂಭವವಿದೆ. ಎಂಜಿನ್ ನಿಲ್ಲಿಸಿ, ಸನ್ನೆಯನ್ನು ಎರಡೂ ಕಡೆ ಸರಿಸಿ ಒತ್ತಡ ಇಳಿಸಿದ ನಂತರವೇ ಜೋಡಣೆಗಳನ್ನು ಬಿಚ್ಚತಕ್ಕದ್ದು.

ಖಾತರಿ ಅವಧಿಯೊಳಗಿನ ದುರಸ್ತಿಗೆ ಮನವಿ ಸಲ್ಲಿಸುವವರು, ಕೊರಡಿಲ್ಲದೆ ಅಳೆದ ಅವಧಿಯನ್ನು ಎಣ್ಣೆ ತಣ್ಣಗಿದ್ದಾಗ ಮತ್ತು ಕಾದಾಗ ಪ್ರತ್ಯೇಕವಾಗಿ ನಮೂದಿಸುವುದು ಹಾಗೂ ರಿಲೀಫ್ ವಾಲ್ವ್‌ನ ಮುದ್ರೆಯನ್ನು ಒಡೆಯದೆ ಉಳಿಸಿಕೊಳ್ಳುವುದು.